ಎಲ್ಲವನ್ನೂ ಮಾರಿದವನ ಮನೆಯವರು

ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳಿದ ಸಿರಿವಂತ ಯುವಕನಿಗೆ ಯೇಸು, ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತಮ್ಮ ಹಿಂದೆ ಬರಲು ಹೇಳಿದರು. ಆತ ಮುಖ ಬಾಡಿಸಿಕೊಂಡು ಹೊರಟುಹೋದ. ವಿಧೇಯತೆ ಎಂದರೇನು, ಬದುಕು ಹೊಸದಾಗುವುದು ಹೇಗೆ ಎಂಬ ಕ್ರೈಸ್ತ ಚಿಂತನೆ ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದ ಈ ಪ್ರಸಂಗವನ್ನು ಮತ್ತೆಮತ್ತೆ ಕೆದಕಿದೆ.

ಕ್ರಿ.ಶ. 200ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಒಂದು ದಾರಿ ತೆರೆದ: ಬಿಡಬೇಕಾದ್ದು ಹಣವನ್ನಲ್ಲ, ಹಣದ ಮೋಹವನ್ನು. ಅವನ ಸಭೆಯಲ್ಲಿದ್ದ ಧನಿಕರು ನಿಟ್ಟುಸಿರು ಬಿಟ್ಟಿರಬೇಕು! ಆದರೆ ಸುಮಾರು 270ರಲ್ಲಿ ಅದೇ ಈಜಿಪ್ಟಿನ ಅಂತೋನಿ ಎಂಬ ತರುಣ ಚರ್ಚಿನಲ್ಲಿ ಈ ಮಾತು ಕೇಳಿದವನೇ ಹೊಲಗಳನ್ನು ಬಿಟ್ಟುಕೊಟ್ಟ. ತಂಗಿಗೆಂದು ಇಟ್ಟಿದ್ದ ಸ್ವಲ್ಪ ಹಣವನ್ನೂ ಹಂಚಿ, ಆಕೆಯನ್ನು ಕನ್ಯೆಯರ ಗುಂಪೊಂದಕ್ಕೆ ಒಪ್ಪಿಸಿ ಮರುಭೂಮಿಯತ್ತ ನಡೆದ. ಅಥನಾಸಿಯಸ್ ಬರೆದ ಅವನ ಚರಿತ್ರೆ ಸನ್ಯಾಸಿ ಜೀವನಕ್ಕೆ ಮಾದರಿಯಾಯಿತು. 386ರಲ್ಲಿ ಮಿಲಾನಿನಲ್ಲಿ ತೊಳಲಾಡುತ್ತಿದ್ದ ಅಗಸ್ಟೀನನನ್ನು ಅಲುಗಿಸಿದವುಗಳಲ್ಲಿ ಅಂತೋನಿಯ ಕಥೆಯೂ ಒಂದು. ಅಂತೋನಿಯ ತಂಗಿಯ ಮನಸ್ಸಿನಲ್ಲಿ ಏನಿತ್ತೆಂದು ವ್ಯಾಖ್ಯಾನಕಾರರು ಹೆಚ್ಚು ಕೇಳಿದಂತಿಲ್ಲ.

ಈ ಪ್ರಶ್ನೆ ಲಿಯೋನ್ ನಗರದ ವ್ಯಾಪಾರಿ ವಾಲ್ಡೋನ ಕಾಲದಲ್ಲಿ, 1170ರ ದಶಕದಲ್ಲಿ, ಬೀದಿಗೇ ಬಂತು. ಆತ ಹೆಂಡತಿಗೆ ಆಸ್ತಿಯ ಪಾಲು ಕೊಟ್ಟು, ಹೆಣ್ಣುಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿ, ಉಳಿದದ್ದನ್ನು ದಾನ ಮಾಡಿ ಭಿಕ್ಷೆಗಿಳಿದ. ತನ್ನ ಗಂಡ ಕಂಡವರ ಮನೆಯಲ್ಲಿ ಬೇಡುವುದೇ ಎಂದು ಹೆಂಡತಿ ಆರ್ಚ್‌ಬಿಷಪ್ಪರ ಬಳಿ ದೂರಿದಳೆಂದು ಹಳೆಯ ವೃತ್ತಾಂತವೊಂದು ಹೇಳುತ್ತದೆ. ಅವನ ಅನುಯಾಯಿಗಳನ್ನು ಚರ್ಚು 1184ರಲ್ಲಿ ಬಹಿಷ್ಕರಿಸಿತು. ಕೆಲವೇ ದಶಕಗಳಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಹೆಚ್ಚುಕಡಿಮೆ ಅದೇ ದಾರಿ ಹಿಡಿದು ಪೋಪರ ಒಪ್ಪಿಗೆ ಪಡೆದ.

ಪಶ್ಚಾತ್ತಾಪ ಬದುಕಿನುದ್ದಕ್ಕೂ ನಡೆಯಬೇಕಾದ್ದು ಎಂದು 1517ರಲ್ಲಿ ಸಾರಿದ ಸುಧಾರಕ ಲೂಥರ್, ಸನ್ಯಾಸಕ್ಕಿದ್ದ ಮೇಲಿನ ಸ್ಥಾನವನ್ನೇ ತೆಗೆದುಹಾಕಿದ. ಚಮ್ಮಾರನ ಕೆಲಸವೂ ದೇವರ ಕರೆಯೇ. ಇದು ದೊಡ್ಡ ಬಿಡುಗಡೆ. ಅದು ಸೋಮಾರಿತನಕ್ಕೆ ನೆಪವಾದಾಗ 1675ರಲ್ಲಿ ಸ್ಪೇನರ್, ಅವನ ಬೆನ್ನಿಗೇ ಭಕ್ತಿಯ ಬದುಕಿಗೆ ಒತ್ತು ಕೊಟ್ಟ ಪೈಯಟಿಸ್ಟರು ಎಚ್ಚರಿಸಿದರು. 1937ರಲ್ಲಿ ಜರ್ಮನ್ ದೇವತಾಶಾಸ್ತ್ರಜ್ಞ ಬಾನ್‌ಹೋಫರ್ ಆ ನೆಪವನ್ನು ‘ಅಗ್ಗದ ಕೃಪೆ’ ಎಂದು ಜರೆದ. ಯೇಸುವಿನ ಆಜ್ಞೆಗೆ ಒಳಾರ್ಥ ಹಚ್ಚಿ ನುಣುಚಿಕೊಳ್ಳುವವರನ್ನು ಅವನಷ್ಟು ಕಟುವಾಗಿ ಹಿಡಿದು ನಿಲ್ಲಿಸಿದವರು ಕಡಿಮೆ.

ಆದರೂ ಬಿಟ್ಟುಬಂದವರು ಉಣ್ಣುವುದೇನು ಎಂಬ ಪ್ರಶ್ನೆಗೆ ಗ್ರಂಥಗಳಿಗಿಂತ ನಮ್ಮ ಕರಾವಳಿಯಲ್ಲೇ ಹೆಚ್ಚು ಸಾಮಗ್ರಿಯಿದೆ. ಪೈಯಟಿಸ್ಟ್ ಪರಂಪರೆಯ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದ ಬಿಲ್ಲವರು ಕಳ್ಳು ಇಳಿಸುವುದನ್ನು ಬಿಡಬೇಕಿತ್ತು. ಎಷ್ಟೋ ಮಂದಿ ಬಂಧುಬಳಗವನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ನೇಯ್ಗೆಗೆ ಕೈಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ವಾಲ್ಡೋನಿಗೂ ಅಂತೋನಿಗೂ ಹೊಳೆಯದ ಏರ್ಪಾಡು ಇದು. ಆದರೆ ಭಾನುವಾರ ಸಭೆಯ ಶಿಸ್ತು ಕಾಯುವ ಮಿಷನ್ನೇ ಸೋಮವಾರ ಕೂಲಿಯನ್ನೂ ಕೊಡತೊಡಗಿದಾಗ, ಆ ಕೆಲಸಗಾರ ವಿಧೇಯನಾಗಿದ್ದು ಯೇಸುವಿಗೋ, ಧಣಿಗೋ ಎಂದು ಬೇರ್ಪಡಿಸಿ ಹೇಳುವುದು ಅವನಿಗೂ ಸುಲಭವಿದ್ದಿರಲಾರದು.