ಗುಂಜಿ ತೂಕದ ಕಸುಬು

ನವಲಗುಂದ ತಾಲ್ಲೂಕಿನ ತಿರ್ಲಾಪುರ ಎರಿಮಣ್ಣಿನ ಸೀಮೆಯ ಊರು. ಈ ಸೀಮೆಯಲ್ಲಿ ಬಂಗಾರ ಬೆಳೆಯ ಬೆನ್ನಿಗೇ ಬರುತ್ತಿತ್ತು. ಹತ್ತಿ, ಮೆಣಸಿನಕಾಯಿ ಮಾರಿ ಕೈತುಂಬ ರೊಕ್ಕ ಬಂದ ವರ್ಷ ಒಕ್ಕಲುತನದ ಮನೆಯ ಹೆಣ್ಣುಮಗಳ ಕೊರಳಿಗೆ ಒಂದೆಳೆ ಸರ ಏರುತ್ತಿತ್ತು, ಮಳೆ ಹೋದ ವರ್ಷ ಅದೇ ಸರ ಅಡವು ಬೀಳುತ್ತಿತ್ತು. ಬಂದಾಗ ಮಾಡಿಕೊಡಲು, ಮುರಿಸುವಾಗ ತೂಗಲು ಬೇಕಾಗಿದ್ದವನು ಪತ್ತಾರ.

ಅವನಿಗೆ ಬೇರೆ ಅಂಗಡಿ ಇರಲಿಲ್ಲ, ಮನೆಯ ಪಡಸಾಲೆಯೇ ಸಾಕಿತ್ತು. ಅಗ್ಗಿಷ್ಟಿಗೆ, ಊದುಗೊಳವೆ, ಮೂಸೆ, ಇಕ್ಕಳ, ಒರೆಗಲ್ಲು, ತಂತಿ ಎಳೆಯುವ ಜಂತ್ರಿ, ಬೆಸುಗೆಗೆ ಬಿಳಿಗಾರ. ತೂಕಕ್ಕೆ ಗುಲಗಂಜಿ: 8 ಗುಂಜಿಗೆ ಒಂದು ಮಾಸಿ, 12 ಮಾಸಿಗೆ ಒಂದು ತೊಲಿ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಬಂಗಾರ ಗಿರಾಕಿಯದು, ಕೈಕೆಲಸ ಮಾತ್ರ ಇವನದು. ಅಕ್ಕಸಾಲಿಗ ಅಕ್ಕನ ಬಂಗಾರವನ್ನೂ ಬಿಡಲಾರನೆಂಬ ಗಾದೆ ಅವನಿಗೂ ಗೊತ್ತಿತ್ತು, ಎದುರಿಗೆ ಕೂತವಳಿಗೂ ಗೊತ್ತಿತ್ತು. ಅದಕ್ಕೇ ಕರಗಿಸಿ ತೂಗುವ ತನಕ ಅವಳು ಏಳುತ್ತಿರಲಿಲ್ಲ. ಕಾವಲಿಗೆ ಕೂತವಳು ಸುಮ್ಮನಿರುವುದುಂಟೇ? ಗುಂಡು ಅತ್ತೆಯ ಸರದಲ್ಲಿದ್ದುದಕ್ಕಿಂತ ತುಸು ಸಣ್ಣದಿರಲಿ, ಕೊಂಡಿ ಗಟ್ಟಿಯಿರಲಿ ಎಂದು ಹೇಳುತ್ತ ಹೇಳುತ್ತ ನಮೂನೆಗೆ ಅವಳೂ ಕೈಹಾಕುತ್ತಿದ್ದಳು.

ಈ ಸೀಮೆಗೆ ಬಂಗಾರದ ನಂಟು ಹಳೆಯದು. ಗದಗಿನಾಚೆಯ ಲಕ್ಕುಂಡಿ, ಅಂದರೆ ಅಂದಿನ ಲೊಕ್ಕಿಗುಂಡಿಯ ಹೆಸರಿನ ಲೊಕ್ಕಿ ಗದ್ಯಾಣ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಚಲಾವಣೆಯಲ್ಲಿದ್ದ ಹೊನ್ನಿನ ನಾಣ್ಯ. ಮರಾಠರ ಆಳ್ವಿಕೆಯಲ್ಲಿ ಕಂದಾಯಕ್ಕೆ ಬಂದ ನಾಣ್ಯ ಸಾಚಾವೋ ಖೋಟಾವೋ ಎಂದು ನೋಡಿ ಹೇಳುವ ಪೋತದಾರಿಕೆ ಊರ ಅಕ್ಕಸಾಲಿಗನ ಪಾಲಿಗಿತ್ತು. ಪೋತದಾರ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. 1835ರಲ್ಲಿ ಕಂಪನಿ ಸರಕಾರ ತನ್ನ ಆಳ್ವಿಕೆಯ ಸೀಮೆಗೆಲ್ಲ ಒಂದೇ ರೂಪಾಯಿ ತಂದ ಮೇಲೆ ಆ ಕೆಲಸಕ್ಕೆ ಬೆಲೆ ಇಳಿಯಿತು.

ಪತ್ತಾರನ ಕಸದಿಂದಲೂ ಹೊಟ್ಟೆ ಹೊರೆಯುವವರಿದ್ದರು. ಜಾಲಗಾರರು ಅವನ ಪಡಸಾಲೆಯ ಬೂದಿ, ದೂಳನ್ನು ಕೊಂಡೊಯ್ದು ಮರಿಗೆಯಲ್ಲಿ ತೊಳೆದು ಕಣ ಹೆಕ್ಕುತ್ತಿದ್ದರು. ಮಳೆಗಾಲದಲ್ಲಿ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳು ಜಾಲಿಸುತ್ತಿದ್ದವರೂ ಅವರೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದ.

ಪತ್ತಾರನ ಜಾಣ್ಮೆಯೆಲ್ಲ ಕಾಣುತ್ತಿದ್ದುದು ಕಡಿಮೆ ಬಂಗಾರವನ್ನು ಹೆಚ್ಚಾಗಿ ಕಾಣಿಸುವುದರಲ್ಲಿ. ಬೋರಮಾಳ ಸರವನ್ನೇ ನೋಡಿ. ತೆಳ್ಳಗೆ ಬಡಿದ ತಗಡನ್ನು ಅಚ್ಚಿನಲ್ಲಿ ಒತ್ತಿ ಎರಡು ಹೋಳು ಮಾಡಿ, ಬೆಸೆದು, ಒಳಗೆ ಅರಗು ತುಂಬಿದರೆ ಬೋರೆಹಣ್ಣಿನಂಥ ಗುಂಡು ಸಿದ್ಧ. ಬಂಗಾರ ಮೈಮೇಲಷ್ಟೇ, ಅರಗು ಇರುವುದರಿಂದ ಹೊಲದ ಕೆಲಸದಲ್ಲೂ ನೆಗ್ಗುವುದಿಲ್ಲ. ಅವಲಕ್ಕಿ ಸರ, ಗುಂಡಿನ ಸರ, ಪುತಳಿ ಸರ, ಟೀಕಿ, ಬುಗುಡಿ, ಬೆಂಡೋಲೆ, ಪಾಟಲಿ, ಬಿಲ್ವಾರ ಹೀಗೆ ಪಟ್ಟಿ ಬೆಳೆಯುತ್ತದೆ. ಬೆಳ್ಳಿಯಲ್ಲಿ ಲಿಂಗಾಯತರ ಇಷ್ಟಲಿಂಗಕ್ಕೆ ಕರಡಗಿ, ಗುಂಡಗಡಗಿ. ಎಳೆಗೂಸಿನ ಕಿವಿ ಚುಚ್ಚುವವನೂ ಅವನೇ, ಮದುವೆಗೆ ತಾಳಿ ಮಾಡುವವನೂ ಅವನೇ.

ಈ ಕಸುಬಿಗೆ ದೊಡ್ಡ ಪೆಟ್ಟು ಬಿದ್ದದ್ದು ಬರದಿಂದಲ್ಲ, ದಿಲ್ಲಿಯಿಂದ. ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. ಹೊಸ ಒಡವೆ 14 ಕ್ಯಾರೆಟ್ ಮೀರಬಾರದು. ಕಳ್ಳಸಾಗಣೆ ನಿಲ್ಲಬೇಕು, ಜನರ ಬಂಗಾರದ ಹುಚ್ಚು ಇಳಿಯಬೇಕು ಎಂಬುದು ಸರಕಾರದ ಲೆಕ್ಕ. ಆದರೆ 14 ಕ್ಯಾರೆಟ್ ಬಂಗಾರ ಗಡುಸು, ಬಣ್ಣವೂ ಮಂಕು. ತೆಳ್ಳಗೆ ಬಡಿದು ಗುಂಡು ಒತ್ತುವ ಕೈಗೆ ಅದು ಬಗ್ಗುತ್ತಿರಲಿಲ್ಲ, ತಾಳಿಗೆ ಅದನ್ನು ಯಾರೂ ಒಪ್ಪುತ್ತಲೂ ಇರಲಿಲ್ಲ. ದೇಶದುದ್ದಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಪ್ರಾಣ ಬಿಟ್ಟವರೂ ಇದ್ದರು. 1966ರಲ್ಲಿ ಕ್ಯಾರೆಟ್ ಮಿತಿ ಹೋಯಿತು. 1968ರಲ್ಲಿ ಬಂದ ಕಾಯ್ದೆ ಮಾತ್ರ ಪರವಾನಗಿ, ದಾಖಲೆಪುಸ್ತಕಗಳ ಸಮೇತ 1990ರ ತನಕ ಉಳಿಯಿತು.

ಕಾಯ್ದೆ ಹೋಗುವಷ್ಟರಲ್ಲಿ ಗಿರಾಕಿ ಹುಬ್ಬಳ್ಳಿಯ ಬಸ್ಸು ಹತ್ತಿಯಾಗಿತ್ತು. ಪೇಟೆಯಲ್ಲಿ ಒಡವೆ ಕೈಯಲ್ಲೇ ಸಿಗುತ್ತದೆ, ಕಾಯುವ ಮಾತಿಲ್ಲ. ಎರಕದ ಉಂಗುರ, ಯಂತ್ರದ ಚೈನು ಬಂದ ಮೇಲೆ ಜಂತ್ರಿಯ ಕೆಲಸವೂ ತಗ್ಗಿತು. ಕೊಳ್ಳುವವಳು ಗಾಜಿನ ಪೆಟ್ಟಿಗೆಯಲ್ಲಿದ್ದುದನ್ನು ಆರಿಸುತ್ತಾಳೆ. ಗುಂಡು ಸಣ್ಣದಾಗಲಿ ಎನ್ನಲು ಅಲ್ಲಿ ಮಾಡುವವನೇ ಎದುರಿಗಿಲ್ಲ.

ಹೇಳಿ ಮಾಡಿಸುವ ರೂಢಿ ಹರಕೆಯ ಬೆಳ್ಳಿಯಲ್ಲಿ ಇನ್ನೂ ಇದೆ. ಹೋಳಿಯ ಹೊತ್ತಿಗೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಜನ ಹರಕೆ ಹೊರುತ್ತಾರೆ, ಮಕ್ಕಳಾಗಲೆಂದು ಬೇಡಿದವರಿಗೆ ಬೆಳ್ಳಿ ತೊಟ್ಟಿಲು. ಬಂಗಾರದಲ್ಲಿ ಊರ ಪತ್ತಾರನಿಗೆ ಉಳಿದಿರುವುದು ಹೆಚ್ಚಾಗಿ ಮೂಗುತಿ, ಕಿವಿಯೋಲೆ, ಮುರಿದ ಕೊಂಡಿಯ ಬೆಸುಗೆ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ನಿಯಮವು ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳನ್ನೂ, ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿನ ವ್ಯಾಪಾರಿಗಳನ್ನೂ ಹೊರಗಿಟ್ಟಿದೆ. ಎರಡು ಗ್ರಾಂ ಅಂದರೆ ಹಳೆಯ ತಕ್ಕಡಿಯಲ್ಲಿ ಸುಮಾರು 16 ಗುಂಜಿ.