ನಗರದ ಮನೆಯಲ್ಲಿ ಮುಧೋಳ ನಾಯಿಯ ಪಾಲನೆ

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯು ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ತಳಿ. ಮೈಸೂರಿನ ಉದಯಗಿರಿಯಂತಹ ಒತ್ತೊತ್ತಾದ ಮನೆಗಳ ಬಡಾವಣೆಯಲ್ಲಿ ಇದನ್ನು ಸಾಕುವವರು ಮೊದಲು ಅದರ ಓಟಕ್ಕೆ ಅವಕಾಶ ಕಲ್ಪಿಸಬೇಕು. ದಿನವಿಡೀ ಕಟ್ಟಿಹಾಕಿದ ನಾಯಿಯು ಚಪ್ಪಲಿ, ಹಾಸಿಗೆಗಳನ್ನು ಕಚ್ಚಿ ಹರಿಯುತ್ತದೆ, ಬಾಗಿಲನ್ನು ಕೆರೆಯುತ್ತದೆ. ಇದು ಹಟವಲ್ಲ, ಚಟುವಟಿಕೆಯ ಕೊರತೆಯ ಲಕ್ಷಣ. ಹೊಡೆದರೆ ಭಯ ಹೆಚ್ಚುವುದೇ ಹೊರತು ಅಭ್ಯಾಸ ತಪ್ಪದು.

ಬಿಸಿಲೇರುವ ಮುನ್ನ ಹಾಗೂ ಸಂಜೆ ತಪ್ಪದೆ ವ್ಯಾಯಾಮ ಮಾಡಿಸಿರಿ. ಸುತ್ತಲೂ ಬೇಲಿಯಿರುವ ಜಾಗದಲ್ಲಿ ಮಾತ್ರ ಬಿಟ್ಟು ಓಡಿಸಿರಿ. ಬೆಕ್ಕು, ಕೋಳಿಗಳನ್ನು ಕಂಡು ಓಟ ಕಿತ್ತ ನಾಯಿಯು ಕರೆಗೆ ಓಗೊಡುವುದು ವಿರಳ. ಆದುದರಿಂದ ಗೇಟು ತೆರೆಯುವ ಮುನ್ನ ಅದನ್ನು ಕಟ್ಟಿರಿ. ಊಟವಾದ ಕೂಡಲೇ ಓಡಿಸಬೇಡಿರಿ. ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಿರಿ.

ನಿತ್ಯ ಓಡಿಸಲು ಸಮಯವಾಗಲಿ ಸ್ಥಳವಾಗಲಿ ಇಲ್ಲದವರು ಈ ತಳಿಯ ಮರಿಯನ್ನು ತರದಿರುವುದೇ ಲೇಸು.