ಗಡಿಯಾಚೆಯ ಮದ್ದು

ಸ್ವದೇಶದ ದುಬಾರಿ ಚಿಕಿತ್ಸೆಗೆ ಅಂಜಿ, ಅಲ್ಪ ವೆಚ್ಚದಲ್ಲಿ ಗುಣಪಡಿಸುವ ವೈದ್ಯರನ್ನು ಅರಸುತ್ತ ಪರರಾಜ್ಯಗಳಿಗೆ ಪ್ರಯಾಣ ಹೊರಡುವುದು ವಿಮಾನಯುಗದಲ್ಲಿ ಹುಟ್ಟಿದ ರೂಢಿಯೆಂದು ನಂಬಿದವರು, ಅಂಕೋಲಾ ತಾಲೂಕಿನ ರಾಮನಗುಳಿಯಂಥ ಒಂದು ಹಳ್ಳಿಯನ್ನು ನಡುವಿಟ್ಟುಕೊಂಡು, ಅದರ ಸುತ್ತಲಿನ ಹಳೆಯ ರಾಜಕೀಯ ಎಲ್ಲೆಗಳನ್ನು ಒಮ್ಮೆ ಗುರುತಿಸಿ ನೋಡಬೇಕು. ಹುಬ್ಬಳ್ಳಿಯಿಂದ ಬಂದು ಅರಬೈಲು ಘಟ್ಟವನ್ನಿಳಿದ ಹೆದ್ದಾರಿ ಗಂಗಾವಳಿ ಹೊಳೆಯ ಜೊತೆಗೂಡಿ ಕಡಲಿನತ್ತ ಸಾಗುವಲ್ಲಿ ಈ ಊರಿದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಕಳಚಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತಾಗಿ, ಇಲ್ಲಿಂದ ತೆಂಕಣಕ್ಕೆ ನಡೆದರೆ ಮದ್ರಾಸ್ ಪ್ರಾಂತ್ಯ, ಬಡಗಣಕ್ಕೆ ಕಾಳಿ ನದಿಯನ್ನು ದಾಟಿ ಮಾಜಾಳಿಯನ್ನು ಕಳೆದರೆ ಪೋರ್ತುಗಲ್ಲಿನ ಅರಸೊತ್ತಿಗೆಗೆ ಸೇರಿದ ಗೋವೆ, ಘಟ್ಟವೇರಿ ಹುಬ್ಬಳ್ಳಿಯಲ್ಲಿ ರೈಲು ಹಿಡಿದು ಉತ್ತರಾಭಿಮುಖವಾಗಿ ಹೋದರೆ ಪಟವರ್ಧನರ ಮಿರಜ ಸಂಸ್ಥಾನ. ಬಡವನ ಕೈಗೆಟಕುವ ದೊಡ್ಡ ಚಿಕಿತ್ಸೆಯೆಂಬುದು ಬಹುಕಾಲ ಈ ಮೂರು ದಿಕ್ಕುಗಳಲ್ಲಿಯೇ, ಅಂದರೆ ಪರರ ಆಳ್ವಿಕೆಯ ನೆಲದಲ್ಲಿಯೇ, ಇದ್ದಿತು.

ಹಾಗೆಂದು ಇಲ್ಲಿಯ ಜನ ನೆಗಡಿ ಬಂದೊಡನೆ ಗಡಿ ದಾಟುತ್ತಿದ್ದರೆಂದಲ್ಲ. ಬೇರುನಾರಿನ ವಿದ್ಯೆಗೆ ಈ ಸೀಮೆಯಲ್ಲಿ ಬರವಿಲ್ಲ; ಅಂಕೋಲೆಯ ಬಳಿಯ ಬೆಳಂಬಾರದಲ್ಲಿ ಹಾಲಕ್ಕಿ ಒಕ್ಕಲಿಗರ ಮನೆತನವೊಂದು ಕೊಡುವ ಲಕ್ವದ ಮದ್ದನ್ನು ಅರಸಿ ಇಂದಿಗೂ ಹೊರಜಿಲ್ಲೆ, ಹೊರರಾಜ್ಯಗಳ ರೋಗಿಗಳು ಬರುತ್ತಾರೆ. ಆದರೆ ಈ ಕಾಡುಸೀಮೆಯನ್ನು ಕಾಡಿದ ವ್ಯಾಧಿ ಚಳಿಜ್ವರ. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು, ಆಳು ಸಿಗದೆ ಹಾಳುಬಿದ್ದ ಗದ್ದೆಗಳು, ಇವು ಘಟ್ಟದ ಬುಡದ ಊರುಗಳಿಗೆ ಹೊಸ ದೃಶ್ಯಗಳಾಗಿರಲಿಲ್ಲ. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಸರಕಾರವು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಗೊಂಡ ಮೇಲೆ ಆ ಪೀಡೆ ಇಳಿಯತೊಡಗಿತು. ಔಷಧವೇ ರೋಗಿಯ ಮನೆಬಾಗಿಲಿಗೆ ನಡೆದು ಬಂದ ಅಪರೂಪದ ಪ್ರಸಂಗಗಳಲ್ಲಿ ಇದೊಂದು. ಮಿಕ್ಕವುಗಳಿಗೆ ರೋಗಿಯೇ ನಡೆಯಬೇಕಾಗಿದ್ದಿತು.

ನಡೆದವರ ಪಾಲಿಗೆ ಮಿರಜದ ಹೆಸರು ದೊಡ್ಡದು. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ 1889ರಲ್ಲಿ ಭಾರತಕ್ಕೆ ಬಂದ ವಿಲಿಯಂ ವಾನ್ಲೆಸ್ಸರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದು, ಮುಂದೆ ಮೂರು ದಶಕಗಳಿಗೂ ಮಿಕ್ಕಿ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಕಣ್ಣಿನ ಪೊರೆ ತೆಗೆಯುವುದರಲ್ಲಿ, ಹೊಟ್ಟೆಯೊಳಗಿನ ಗಡ್ಡೆಗಳನ್ನು ಕೊಯ್ದು ತೆಗೆಯುವುದರಲ್ಲಿ ಅವರ ಕೈಗುಣದ ಖ್ಯಾತಿ ಮರಾಠಿ ಸೀಮೆಯನ್ನು ದಾಟಿ ಬೆಳಗಾವಿ, ಧಾರವಾಡಗಳವರೆಗೆ ಹಬ್ಬಿತು. ಉಳ್ಳವನು ಕೊಡಲಿ, ಇಲ್ಲದವನಿಗೂ ಹಾಸಿಗೆಯುಂಟು ಎಂಬುದು ಅಂದಿನ ಮಿಷನ್ ಆಸ್ಪತ್ರೆಗಳ ನಡೆವಳಿಕೆ. ರೋಗಿಯ ಜೊತೆಗೆ ಬಂದ ನೆಂಟರು ಆವರಣದಲ್ಲಿಯೇ ಒಲೆ ಹೂಡಿ ಗಂಜಿ ಬೇಯಿಸಿಕೊಳ್ಳುವುದೂ ಅಲ್ಲಿಯ ವಾಡಿಕೆಗೆ ಸೇರಿದ್ದೇ. ಜಾತಿಯ ಮಡಿ, ಮತಾಂತರದ ಭಯ ಇವೆರಡೂ ಮೊದಮೊದಲು ಕಾಲು ಹಿಡಿದೆಳೆದಿರಬೇಕು. ಆದರೆ ಪೊರೆ ಕಳೆದು ಕಣ್ಣು ಕಂಡವನೊಬ್ಬ ಊರಿಗೆ ಮರಳಿದನೆಂದರೆ ಅವನ ಸಾಕ್ಷಿಯ ಮುಂದೆ ಇಂಥ ಶಂಕೆಗಳು ನಿಲ್ಲುವುದು ಕಷ್ಟ. ದಕ್ಷಿಣಕ್ಕೆ ಮಂಗಳೂರಿನಲ್ಲಿ, ಅಗಸ್ಟಸ್ ಮುಲ್ಲರ್ ಪಾದ್ರಿಗಳು 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಬಡವರ ಔಷಧಾಲಯವೂ ಇಂಥದೇ ಕೀರ್ತಿಯನ್ನು ಪಡೆಯಿತು.

ಗೋವೆಯ ಕಥೆ ಇವೆಲ್ಲಕ್ಕಿಂತ ಪ್ರಾಚೀನವೂ ವಿಚಿತ್ರವೂ ಆದುದು. 1608ರಲ್ಲಿ ರೋಗಿಯಾಗಿ ಅಲ್ಲಿಯ ರಾಜಾಸ್ಪತ್ರೆಯನ್ನು ಸೇರಿದ ಫ್ರೆಂಚ್ ನಾವಿಕ ಪಿರಾರ್ ದ ಲಾವಾಲನು ಲೋಕದಲ್ಲಿ ಅದಕ್ಕೆ ಸಮನಾದುದಿಲ್ಲವೆಂಬಂತೆ ವರ್ಣಿಸಿದ್ದಾನೆ. ಆದರೆ ಆ ವೈಭವವು ಬಿಳಿಯ ಸೈನಿಕರ ಉಪಯೋಗಕ್ಕೆ ಮೀಸಲು. ಮೋಜಿನ ಸಂಗತಿಯೆಂದರೆ, ಅದಕ್ಕೂ ಮುನ್ನ 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನನು, ವೈಸರಾಯಿ ಆರ್ಚ್‌ಬಿಷಪ್ಪರಾದಿಯಾಗಿ ಎಲ್ಲರೂ ತಮ್ಮವರಿಗಿಂತ ಹೆಚ್ಚಾಗಿ ಹಿಂದೂ ವೈದ್ಯರನ್ನೇ ನಂಬುತ್ತಾರೆಂದು ಬರೆದಿರುವುದು. ಮದ್ದಿಗಾಗಿ ಪರರ ಮೊರೆಹೊಗುವುದರಲ್ಲಿ ಆಳುವವನೂ ಹಿಂದುಳಿದವನಲ್ಲ! 1842ರಲ್ಲಿ ಪಣಜಿಯಲ್ಲಿ ಪೋರ್ತುಗೀಜರ ವೈದ್ಯಕೀಯ ಶಾಲೆ ಸ್ಥಾಪನೆಗೊಂಡಿತು. ಅಲ್ಲಿ ಕಲಿತವರು ಮೊಜಾಂಬಿಕ್, ಅಂಗೋಲಗಳವರೆಗೆ ಹೋಗಿ ವೈದ್ಯವೃತ್ತಿ ನಡೆಸಿದರು. ಸದಾಶಿವಗಡ, ಮಾಜಾಳಿಗಳ ಕೊಂಕಣಿ ಮಾತಿನ ಜನಕ್ಕೆ ಕಾಣಕೋಣ, ಮಡಗಾಂವಗಳು ಪರದೇಶವಾಗಿದ್ದುದು ಕಾಗದದ ಮೇಲೆ ಮಾತ್ರ. ದೇವರು, ನೆಂಟಸ್ತಿಕೆ ಎರಡೂ ಆಚೆಗೇ ಇದ್ದುವು. 1955ರಲ್ಲಿ ಭಾರತ ಸರಕಾರವು ಗೋವೆಗೆ ದಿಗ್ಬಂಧನ ವಿಧಿಸಿದಾಗ ಈ ಹಾದಿ ಕಟ್ಟಿತು. 1961ರ ದಶಂಬರದಲ್ಲಿ ಗೋವೆ ವಿಮುಕ್ತವಾದ ಮೇಲೆ ಮತ್ತೆ ತೆರೆಯಿತು. ಹಳೆಯ ಶಾಲೆ ಗೋವಾ ವೈದ್ಯಕೀಯ ಕಾಲೇಜಾಯಿತು, ಆಸ್ಪತ್ರೆ ಬಾಂಬೋಳಿಯ ಗುಡ್ಡಕ್ಕೆ ಬಂದಿತು, ಕಾರವಾರ ಅಂಕೋಲೆಗಳ ರೋಗಿಗಳಿಗೆ ಬಾಂಬೋಳಿಯೆಂಬುದು ಮನೆಮಾತಾಯಿತು. ಹೆಚ್ಚುಕಡಿಮೆ ಪುಕ್ಕಟೆಯಾಗಿ ದೊರೆಯುತ್ತಿದ್ದ ಈ ಸೇವೆಗೆ 2018ರ ಜನವರಿಯಿಂದ ಗೋವಾ ಸರಕಾರವು ಹೊರರಾಜ್ಯದವರಿಂದ ಶುಲ್ಕ ವಸೂಲು ಮಾಡತೊಡಗಿತು. ತನ್ನ ತೆರಿಗೆದಾರನ ಹಣವನ್ನು ತನ್ನವನಿಗೇ ವ್ಯಯಿಸುವೆನೆಂಬ ಸರಕಾರವನ್ನು ಅನ್ಯಾಯಿಯೆಂದು ಜರೆಯಲಾಗದು. ಆದರೆ ಪೋರ್ತುಗೀಜರು ಹೋದ ಐವತ್ತಾರು ವರ್ಷಗಳ ನಂತರ ಮಾಜಾಳಿಯ ರೋಗಿ ಮರಳಿ ಪರದೇಶಸ್ಥನಾದನೆಂಬುದೂ ಸುಳ್ಳಲ್ಲ.

ಈ ಪರಸ್ಥಳಗಳ ಚಿಕಿತ್ಸೆ ಅಗ್ಗವೆಂದೆವಷ್ಟೆ. ಅದರ ನಿಜವಾದ ಬೆಲೆ ದಾರಿಯಲ್ಲಿ ತೆರುವಂಥದು. ಗಂಗಾವಳಿ ಹೊಳೆಯಾಚೆಯ ಡೋಂಗ್ರಿ, ಕಲ್ಲೇಶ್ವರ, ಹೆಗ್ಗಾರಗಳ ಕಡೆಯ ಒಬ್ಬ ರೋಗಿಯನ್ನು ಹೆದ್ದಾರಿ ಮುಟ್ಟಿಸಬೇಕಾದರೆ ಗಟ್ಟಿ ಬಿದಿರಿನ ಗಳಕ್ಕೆ ಕಂಬಳಿಯ ಎರಡು ತುದಿಗಳನ್ನು ಬಿಗಿದು ಜೋಲಿ ಮಾಡಿ, ಹಿಂದೊಬ್ಬ ಮುಂದೊಬ್ಬ ಹೆಗಲು ಕೊಟ್ಟು, ದಣಿದಲ್ಲಿ ಹೆಗಲು ಬದಲಿಸಲು ಇನ್ನಿಬ್ಬರು ಜೊತೆಗೆ ನಡೆದು, ತೋಟದ ಸಂಕಗಳನ್ನು ಜಾರದಂತೆ ದಾಟಿ ಹೊಳೆಯಂಚಿಗೆ ಬರಬೇಕಾಗಿದ್ದಿತು. ಮಳೆಗಾಲದ ಕೆಂಪು ನೀರಿನಲ್ಲಿ ದೋಣಿ ಬಿಡಲು ಅಂಬಿಗನು ಒಪ್ಪಿದರೆ ಅದೃಷ್ಟ. ನಾಲ್ಕು ಆಳಿನ ಕೂಲಿ, ಬಸ್ಸಿನ ಚಾರ್ಜು, ರೈಲಿನ ಟಿಕೀಟು, ಪರಸ್ಥಳದ ಊಟ ಇವನ್ನೆಲ್ಲ ಕೂಡಿಸಿದರೆ, ಪುಕ್ಕಟೆಯ ಮದ್ದಿಗೆ ಅಡಿಕೆಯ ಫಸಲನ್ನು ಮುಂಗಡ ಮಾರಬೇಕಾಗುತ್ತಿದ್ದುದೂ ಉಂಟು. ರಾಮನಗುಳಿಯಲ್ಲಿ ತೂಗುಸೇತುವೆ ಆದ ಮೇಲೆ ಈ ಕಷ್ಟ ಅರ್ಧಕ್ಕಿಳಿಯಿತು. 2019ರ ಆಗಸ್ಟಿನ ಮಹಾಪೂರದಲ್ಲಿ ಗಂಗಾವಳಿ ಅದನ್ನೂ ಕೊಚ್ಚಿಕೊಂಡು ಹೋಯಿತು.

1953ರಲ್ಲಿ ಮಣಿಪಾಲದ, 1957ರಲ್ಲಿ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳು ಹುಟ್ಟಿದುದರಿಂದ, ರಾಜ್ಯಗಳ ಪುನರ್ವಿಂಗಡಣೆಯಿಂದ, ಕೊಂಕಣ ರೈಲ್ವೆಯಿಂದ ಹಾದಿಗಳು ಬದಲಾದುವೇ ಹೊರತು ಹೋಗುವುದು ನಿಲ್ಲಲಿಲ್ಲ. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದುದು 2016ರಲ್ಲಿ. ಆರು ವರ್ಷಗಳ ತರುವಾಯ, 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಹೊತ್ತು ತೆಂಕಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸು ಬೈಂದೂರಿನ ಬಳಿಯ ಶಿರೂರು ಟೋಲ್ ನಾಕೆಯಲ್ಲಿ ಮಳೆಗೆ ಜಾರಿ ಉರುಳಿ ನಾಲ್ವರು ಮಡಿದಾಗ, ಆಸ್ಪತ್ರೆಯಿಲ್ಲದಿದ್ದರೆ ಮತವಿಲ್ಲವೆಂದು ಜಿಲ್ಲೆಯ ಜನ ಕೂಗೆಬ್ಬಿಸಿದರು. ಅದೇ ಕಾಲದಲ್ಲಿ ಬೆಂಗಳೂರಿನ ಆಸ್ಪತ್ರೆಗಳು ಅರಬಸ್ತಾನ, ಆಫ್ರಿಕಗಳ ರೋಗಿಗಳನ್ನು ಅಗ್ಗದ ಚಿಕಿತ್ಸೆಗೆಂದು ಬರಮಾಡಿಕೊಳ್ಳುತ್ತಿದ್ದುವು.

ಇಷ್ಟು ದೀರ್ಘವಾದ ಸಂಚಾರಕ್ಕೆ ಲಿಖಿತವಾದ ಇತಿಹಾಸವಿಲ್ಲ. 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಂಥ ಗ್ರಂಥಗಳು ಸರಕಾರೀ ದವಾಖಾನೆಗಳಿಗೆ ಬಂದವರನ್ನು ಎಣಿಸಿದುವು. ದವಾಖಾನೆಯನ್ನು ದಾಟಿ ಗಡಿಯಾಚೆಗೆ ಹೋದವರನ್ನು ಎಣಿಸುವ ಹೊಣೆ ಯಾವ ಸರಕಾರದ್ದೂ ಆಗಲಿಲ್ಲ. ಆದುದರಿಂದ ಅಂಕೋಲಾ, ಕಾರವಾರಗಳ ಓದುಗರಲ್ಲಿ ಒಂದು ವಿಜ್ಞಾಪನೆ: ಹಿರಿಯರ ಟ್ರಂಕಿನಲ್ಲಿ ಮಿರಜದ ಚೀಟಿಯೋ, ಕಂಕನಾಡಿಯ ರಸೀದಿಯೋ, ಬಾಂಬೋಳಿಯ ಹಳೆಯ ಕೇಸ್ ಪೇಪರೋ ದೊರೆತರೆ ಅದನ್ನು ಬಚ್ಚಲ ಒಲೆಗೆ ಹಾಕದೆ, ಜೊತೆಗೆ ಹೋಗಿಬಂದವರು ಬದುಕಿದ್ದರೆ ಅವರ ಮಾತನ್ನೂ ಬರೆದಿಟ್ಟು, ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜಿನಂಥ ಯಾವುದಾದರೂ ವಿದ್ಯಾಸಂಸ್ಥೆಯ ಗ್ರಂಥಾಲಯಕ್ಕೆ ಒಪ್ಪಿಸಬೇಕು.